ಸ್ಮರಣೆಗೆಂದು ತಯಾರಾದ ಒಂದು ಆಂಬರ್ ಏಲ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನೀನು ಕಳುಹಿಸಿದ ಆಂಬರ್ ಏಲ್, ಆ ತಾಮ್ರಬಣ್ಣದ ಬಿಯರ್, ಕುಡಿದಾಯಿತು. ಚೆನ್ನಾಗಿತ್ತು ಎಂಬ ಒಂದು ಮಾತಿನಲ್ಲಿ ಮುಗಿಸದೆ, ಕಣ್ಣಿಗೆ ಕಂಡದ್ದು, ಮೂಗಿಗೆ ಬಂದದ್ದು, ನಾಲಿಗೆಯ ಮೇಲೆ ನಿಂತದ್ದು ಎಲ್ಲವನ್ನೂ ಬಿಡಿಸಿ ಬರೆಯಬೇಕೆಂದು ನೀನು ಕೇಳಿದ್ದೆಯಾದ್ದರಿಂದ ಈ ಪತ್ರ ಸ್ವಲ್ಪ ಉದ್ದವಾಗುತ್ತದೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಇದು ಒಳ್ಳೆಯ ಏಲ್, ಕಹಿಯನ್ನು ಹದಗೊಳಿಸಿರುವ ರೀತಿಯಲ್ಲಿ ಬಹಳ ಒಳ್ಳೆಯದು, ಕೊನೆಯ ಸಿಹಿಯಲ್ಲಿ ಮಾತ್ರ ಕೈ ಸ್ವಲ್ಪ ಜಾರಿದೆ.

ಬ್ರೂವರಿ ತನ್ನ ಮೊದಲ ತಯಾರಿಕೆಯ ನೆನಪಿಗಾಗಿ ಇದನ್ನು ಹೊರತಂದಿದೆ ಎಂಬುದು ನನಗೆ ಗೊತ್ತಿತ್ತು. ಆದರೆ ಲೇಬಲ್ಲಿನ ಮೇಲಿನ ಬರಹವನ್ನು ಓದುವ ಮೊದಲೇ ರುಚಿ ನೋಡಬೇಕೆಂದು ಬಾಟಲಿಗೆ ಕಾಗದ ಸುತ್ತಿದ್ದೆ. ಸ್ಮರಣೆಯ ಹೆಸರಿನಲ್ಲಿ ಬರುವ ಯಾವ ಪಾನೀಯದಲ್ಲಾದರೂ ನಾಲಿಗೆಗಿಂತ ಮೊದಲು ಮನಸ್ಸು ಕರಗಿಬಿಡುವ ಅಪಾಯವಿದೆ. ಆ ಕರಗುವಿಕೆ ಮದ್ಯ ತಯಾರಿಸಿದವರಿಗೂ ನ್ಯಾಯ ಮಾಡುವುದಿಲ್ಲ, ಕುಡಿಯುವವರಿಗೂ ಮಾಡುವುದಿಲ್ಲ.

ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿಯದೆ ಸ್ವಲ್ಪ ಹೊತ್ತು ಹೊರಗಿಟ್ಟೆ. ಕೊರೆಯುವಷ್ಟು ತಣ್ಣಗಿದ್ದರೆ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ವಾಸನೆ ಮೇಲೇಳುವುದಿಲ್ಲ, ಕಹಿ ಮಾತ್ರ ಒರಟಾಗಿ ಮುಂದೆ ಬರುತ್ತದೆ. 8ರಿಂದ 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಂಥ ಏಲ್ ತನ್ನನ್ನು ಪೂರ್ತಿಯಾಗಿ ತೋರಿಸಿಕೊಳ್ಳುತ್ತದೆ. ಬಾಟಲಿಯ ತಳದಲ್ಲಿ ಯೀಸ್ಟಿನ ತೆಳು ಗಷ್ಟು ಇದ್ದುದರಿಂದ ಕೊನೆಯ ಒಂದೆರಡು ಗುಟುಕನ್ನು ಬಾಟಲಿಯಲ್ಲೇ ಬಿಟ್ಟು, ಬಾಯಿ ಕಿರಿದಾದ ಗ್ಲಾಸಿಗೆ ನಿಧಾನವಾಗಿ ಸುರಿದೆ. ನೊರೆ ಎರಡು ಬೆರಳಿನಷ್ಟು ಎದ್ದಿತು, ಬಿಳಿಯಲ್ಲ, ತಿಳಿಯಾದ ಕಂದು. ಗುಳ್ಳೆಗಳು ಸಣ್ಣ, ಒತ್ತೊತ್ತಾಗಿ ಕೂತಿದ್ದವು. ಗ್ಲಾಸು ಖಾಲಿಯಾಗುತ್ತ ಬಂದಂತೆ ನೊರೆ ಪ್ರತಿ ಗುಟುಕಿಗೂ ಒಂದು ಗೆರೆಯನ್ನು ಒಳಮೈಯಲ್ಲಿ ಬಿಟ್ಟುಹೋಯಿತು. ಇದು ಗ್ಲಾಸಿನ ಶುದ್ಧಿಗೂ, ಮಾಲ್ಟಿನ ಪ್ರೋಟೀನು ಮತ್ತು ಹಾಪ್ ಎಂಬ ಬಳ್ಳಿಯ ಹೂವಿನ ಕಹಿ ಅಂಶಗಳು ಸರಿಯಾಗಿ ಕೂಡಿಕೊಂಡಿವೆ ಎಂಬುದಕ್ಕೂ ಗುರುತು.

ಬಣ್ಣದ ಬಗ್ಗೆ ಸ್ವಲ್ಪ ನಿಲ್ಲಲೇಬೇಕು. ಗ್ಲಾಸನ್ನು ಬೆಳಕಿಗೆ ಹಿಡಿದರೆ ಕಿರಿದಾದ ತಳದಲ್ಲಿ ಹೊಂಬಣ್ಣ, ನಡುವೆ ಉಜ್ಜಿದ ತಾಮ್ರ, ಅಗಲವಾದ ಕಡೆ ಕೆಂಪಿನ ಒಂದು ಹೊಳಪು. ಬಿಯರ್ ತೀರ್ಪುಗಾರರ ಮಾರ್ಗಸೂಚಿ ಅಮೆರಿಕನ್ ಆಂಬರ್ ಏಲ್‌ಗೆ ಎಸ್‌ಆರ್‌ಎಂ ಎಂಬ ಅಳತೆಯಲ್ಲಿ 10ರಿಂದ 17ರವರೆಗಿನ ಬಣ್ಣವನ್ನು ಒಪ್ಪುತ್ತದೆ. ನನ್ನ ಕಣ್ಣಂದಾಜಿಗೆ ಇದು ಅವೆರಡರ ಸರಿಯಾದ ನಡುವಿನಲ್ಲಿದೆ. ಈ ಬಣ್ಣ ಬರುವುದು ಮುಖ್ಯವಾಗಿ ಕ್ರಿಸ್ಟಲ್ ಮಾಲ್ಟಿನಿಂದ. ಸಾಮಾನ್ಯ ಮಾಲ್ಟಿನಲ್ಲಿ ಮೊಳಕೆ ಬಂದ ಬಾರ್ಲಿಯನ್ನು ನೇರವಾಗಿ ಒಣಗಿಸುತ್ತಾರೆ. ಕ್ರಿಸ್ಟಲ್ ಮಾಲ್ಟಿನಲ್ಲಿ ಹಾಗಲ್ಲ: ಹಸಿಯಾಗಿರುವಾಗಲೇ ಆ ಕಾಳನ್ನು 65ರಿಂದ 70 ಡಿಗ್ರಿಯ ಸುಮಾರಿನಲ್ಲಿ, ತೇವ ಆರದಂತೆ ಬೇಯಿಸುತ್ತಾರೆ. ಆಗ ಸಿಪ್ಪೆಯ ಒಳಗೇ ಪಿಷ್ಟ ಕರಗಿ ಸಕ್ಕರೆಯಾಗುತ್ತದೆ. ಆಮೇಲೆ ಹೆಚ್ಚಿನ ಕಾವಿನಲ್ಲಿ ಹುರಿದಾಗ ಆ ಸಕ್ಕರೆ ಗಟ್ಟಿಯಾಗಿ, ಗಾಜಿನಂತಾಗಿ, ಹುರಿದ ಮಟ್ಟಕ್ಕೆ ತಕ್ಕಂತೆ ಹೊಂಬಣ್ಣದಿಂದ ಕಡುಗಂದಿನವರೆಗೆ ತಿರುಗುತ್ತದೆ. ಹೀಗೆ ಹುಟ್ಟಿದ ಸಕ್ಕರೆಗಳಲ್ಲಿ ಒಂದು ಪಾಲನ್ನು ಯೀಸ್ಟ್ ತಿನ್ನಲಾರದು. ಅದು ಹುದುಗುವಿಕೆ ಮುಗಿದ ಮೇಲೂ ಉಳಿದು, ಏಲ್‌ಗೆ ಬಣ್ಣದ ಜೊತೆಗೆ ಮೈಯನ್ನೂ ಸಿಹಿಯನ್ನೂ ಕೊಡುತ್ತದೆ. ಆಂಬರ್ ಏಲ್ ತಯಾರಿಸುವವನ ಕೌಶಲವೆಲ್ಲ ಈ ಮಾಲ್ಟನ್ನು ಎಷ್ಟು ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿದೆ. ಕಡಿಮೆಯಾದರೆ ಅದು ಬಣ್ಣ ಬಳಿದ ಪೇಲ್ ಏಲ್ (ತಿಳಿಬಣ್ಣದ ಏಲ್) ಆಗುತ್ತದೆ, ಹೆಚ್ಚಾದರೆ ಎರಡನೆಯ ಗ್ಲಾಸು ಬೇಡವೆನಿಸುತ್ತದೆ.

ಮೂಗಿಗೆ ಮೊದಲು ಬಂದದ್ದು ಸುಟ್ಟ ಬ್ರೆಡ್ಡಿನ ಅಂಚಿನ ವಾಸನೆ, ಅದರ ಹಿಂದೆಯೇ ಕಂದುಬಣ್ಣಕ್ಕೆ ತಿರುಗುತ್ತಿರುವ ಸಕ್ಕರೆ ಪಾಕದ ಕಂಪು. ಗ್ಲಾಸನ್ನು ಒಮ್ಮೆ ತಿರುಗಿಸಿದ ಮೇಲೆ ಹಾಪ್ ಕಾಣಿಸಿಕೊಂಡಿತು: ಕಿತ್ತಳೆ ಸಿಪ್ಪೆ, ಸ್ವಲ್ಪ ಹೂವು, ಬಹಳ ದೂರದಲ್ಲಿ ಪೈನ್ ಮರದ ಅಂಟಿನ ನೆನಪು. ಇದು ಕ್ಯಾಸ್ಕೇಡ್ ಎಂಬ ತಳಿಯ ಹಾಪ್ ಇರಬೇಕೆಂದು ಅನಿಸಿತು, ಆಮೇಲೆ ಕಾಗದ ಬಿಚ್ಚಿ ನೋಡಿದಾಗ ಲೇಬಲ್ಲೂ ಅದನ್ನೇ ಹೇಳಿತು. ಬೆಣ್ಣೆಯ ವಾಸನೆ ಇರಲಿಲ್ಲ. ಹುದುಗುವಿಕೆಯನ್ನು ಅವಸರದಲ್ಲಿ ಮುಗಿಸಿದ ಏಲ್‌ಗಳಲ್ಲಿ ಡೈಅಸಿಟೈಲ್ ಎಂಬ ವಸ್ತು ಉಳಿದುಕೊಂಡು ಆ ವಾಸನೆ ಬರುತ್ತದೆ, ಪಾಕದ ಸಿಹಿಯೊಡನೆ ಸೇರಿದರೆ ಅದು ಕೆಲವರಿಗೆ ಹಿತವೆನಿಸಲೂಬಹುದು, ಆದರೆ ನನಗೆ ಅದು ಸೋಮಾರಿತನದ ವಾಸನೆ. ಇಲ್ಲಿ ಯೀಸ್ಟಿಗೆ ತನ್ನ ಕೆಲಸ ಮುಗಿಸಲು ಬೇಕಾದಷ್ಟು ದಿನ ಕೊಟ್ಟಿದ್ದಾರೆ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಮೊದಲ ಗುಟುಕಿನಲ್ಲಿ ಮಾಲ್ಟು ನಾಲಿಗೆಯ ಮೇಲೆ ಹರಡಿಕೊಂಡಿತು, ಬ್ರೆಡ್ಡು, ಹುರಿದ ಬೀಜ, ತೆಳುವಾದ ಟಾಫಿ. ಅದು ಇನ್ನೇನು ಸಿಹಿಯಾಗಿಯೇ ಉಳಿದುಬಿಡುತ್ತದೆ ಎನ್ನುವಷ್ಟರಲ್ಲಿ ಕಹಿ ಒಳಗೆ ಬಂದಿತು. ಮೇಲೆ ಬಿದ್ದು ಬಂದ ಕಹಿಯಲ್ಲ, ನಾಲಿಗೆಯ ಎರಡು ಬದಿಯಿಂದ ಹಿಂದಕ್ಕೆ ಸರಿಯುತ್ತ ಸಿಹಿಯನ್ನು ತನ್ನೊಡನೆ ಕರೆದೊಯ್ದ ಕಹಿ. ಹಾಪನ್ನು ಕುದಿಯ ಆರಂಭದಲ್ಲಿ ಹಾಕಿದರೆ ಅದರ ಆಲ್ಫಾ ಆಮ್ಲಗಳು ದೀರ್ಘ ಕುದಿಯಲ್ಲಿ ರೂಪ ಬದಲಿಸಿ ಕಹಿಯಾಗುತ್ತವೆ, ಕೊನೆಯಲ್ಲಿ ಹಾಕಿದರೆ ಹಾರಿಹೋಗಬಹುದಾದ ಸುಗಂಧ ತೈಲಗಳು ಉಳಿಯುತ್ತವೆ ಎಂಬುದು ನಿನಗೆ ಗೊತ್ತೇ ಇದೆ. ಇಲ್ಲಿ ಎರಡೂ ಆಗಿದೆ, ಆದರೆ ಯಾವುದೂ ಇನ್ನೊಂದನ್ನು ಮುಚ್ಚಿಲ್ಲ. ಲೇಬಲ್ಲಿನ ಪ್ರಕಾರ ಕಹಿಯ ಅಳತೆ 32 ಐಬಿಯು, ಮದ್ಯಸಾರ ಶೇಕಡಾ 5.6. ಈ ಬಗೆಯ ಏಲ್‌ಗೆ ಮಾರ್ಗಸೂಚಿ ಹೇಳುವ 25ರಿಂದ 40 ಐಬಿಯು ನಡುವೆ ಆ ಕಹಿ ಬರುತ್ತದೆ. ಆದರೆ ಅಂಕಿಯೊಂದೇ ಏನನ್ನೂ ಹೇಳುವುದಿಲ್ಲ. ಅದೇ 32 ತೆಳುವಾದ ಲಾಗರ್ ಬಿಯರ್‌ನಲ್ಲಿ ಚುರುಕಾಗಿ ಚುಚ್ಚುತ್ತದೆ, ಮಾಲ್ಟು ತುಂಬಿದ ಈ ಏಲ್‌ನಲ್ಲಿ ಬೆನ್ನೆಲುಬಾಗಿ ನಿಲ್ಲುತ್ತದೆ. ನುಂಗಿದ ಮೇಲೆ ಗಂಟಲಿನಲ್ಲಿ ಉಳಿದದ್ದು ಕಿತ್ತಳೆ ಸಿಪ್ಪೆಯ ಒಳಬದಿಯಂಥ ಒಗರು, ಅದೂ ಬೇಗನೆ ಶುಚಿಯಾಗಿ ಹೋಯಿತು. ಆ ಕ್ಷಣಕ್ಕೆ ಇದನ್ನು ತಯಾರಿಸಿದವರ ಮೇಲೆ ನನಗೆ ನಿಜವಾದ ಗೌರವ ಮೂಡಿತು.

ಗ್ಲಾಸು ಅರ್ಧವಾಗಿ, ಏಲ್ ಕೋಣೆಯ ಕಾವಿಗೆ ಹತ್ತಿರವಾದ ಮೇಲೆ ಚಿತ್ರ ಸ್ವಲ್ಪ ಬದಲಾಯಿತು. ಟಾಫಿ ದಪ್ಪವಾಯಿತು, ಒಣದ್ರಾಕ್ಷಿಯ ಛಾಯೆಯೊಂದು ಬಂದಿತು, ಅದು ಚೆಂದವೇ. ಆದರೆ ಗುಳ್ಳೆಗಳ ಚುರುಕು ಇಳಿದಂತೆ ಕಹಿಗೆ ಸಿಹಿಯನ್ನು ಎಳೆದೊಯ್ಯುವ ಶಕ್ತಿಯೂ ಇಳಿಯಿತು. ಕೊನೆಯ ಗುಟುಕುಗಳಲ್ಲಿ ತುಟಿ ಒಂದಕ್ಕೊಂದು ಅಂಟುವಂತಿತ್ತು. ಕಡುಬಣ್ಣದ ಕ್ರಿಸ್ಟಲ್ ಮಾಲ್ಟನ್ನು ಒಂದಿಷ್ಟು ತಗ್ಗಿಸಿದ್ದರೆ, ಅಥವಾ ಮ್ಯಾಶ್ ಮಾಡುವಾಗಿನ, ಅಂದರೆ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವಾಗಿನ ಕಾವನ್ನು ಒಂದೆರಡು ಡಿಗ್ರಿ ಇಳಿಸಿ ಯೀಸ್ಟ್ ತಿನ್ನಬಲ್ಲ ಸಕ್ಕರೆಯನ್ನು ಹೆಚ್ಚಿಸಿದ್ದರೆ, ಕೊನೆಯೂ ಮೊದಲಿನಷ್ಟೇ ಬಿಗಿಯಾಗಿರುತ್ತಿತ್ತು ಎಂದು ನನಗನ್ನಿಸುತ್ತದೆ. ಹಳೆಯ ಪಾಕವಿಧಾನವನ್ನು ಕದಲಿಸಬಾರದೆಂಬ ನಿಷ್ಠೆ ಇದಕ್ಕೆ ಕಾರಣವಿರಬಹುದು.

ಆ ನಿಷ್ಠೆಯನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಸ್ಮರಣೆಗೆಂದು ಏನನ್ನಾದರೂ ತಯಾರಿಸುವ ಬ್ರೂವರಿಗಳು ಇಂದು ಸಾಮಾನ್ಯವಾಗಿ ಮಸುಕಾದ, ಹಣ್ಣಿನ ವಾಸನೆ ತುಂಬಿದ, ಹಾಪ್ ಹೆಚ್ಚಿರುವ ಐಪಿಎ ಎಂಬ ಏಲ್ ಕಡೆಗೋ, ಮರದ ಪೀಪಾಯಿಯಲ್ಲಿ ಮಾಗಿಸಿದ ಕಪ್ಪು ಸ್ಟೌಟ್ ಬಿಯರ್ ಕಡೆಗೋ ಹೋಗುತ್ತವೆ. ಆಂಬರ್ ಏಲ್ ಇಂದಿನ ಒಲವಲ್ಲ. 1980ರ ದಶಕದಲ್ಲಿ ಅಮೆರಿಕದ ಸಣ್ಣ ಬ್ರೂವರಿಗಳು ತಲೆಯೆತ್ತುವಾಗ, ತಿಳಿ ಲಾಗರ್ ಒಂದನ್ನೇ ಕಂಡಿದ್ದ ಜನರಿಗೆ ಬಿಯರಿಗೆ ಬಣ್ಣವೂ ಮಾಲ್ಟಿನ ರುಚಿಯೂ ಇರಬಲ್ಲದೆಂದು ತೋರಿಸಿಕೊಟ್ಟವುಗಳಲ್ಲಿ ಇದು ಮುಂಚೂಣಿಯಲ್ಲಿತ್ತು. ಕೊಲರಾಡೊದ ನ್ಯೂ ಬೆಲ್ಜಿಯಂ ಬ್ರೂವರಿ 1991ರಲ್ಲಿ ಹೊರತಂದ ಫ್ಯಾಟ್ ಟೈರ್ ಈ ಬಗೆಯ ಅತ್ಯಂತ ಪರಿಚಿತ ಹೆಸರಾಗಿ ಬೆಳೆಯಿತು. 2023ರಲ್ಲಿ ಅದರ ಪಾಕವನ್ನೇ ಬದಲಿಸಿ, ಬಣ್ಣವನ್ನು ತಿಳಿಗೊಳಿಸಿ, ಆಂಬರ್ ಎಂಬ ಗುರುತನ್ನೇ ಕೈಬಿಟ್ಟರು. ಇಂಥ ಕಾಲದಲ್ಲಿ ತನ್ನ ಆರಂಭವನ್ನು ನೆನೆಯಲು ಒಂದು ಬ್ರೂವರಿ ಆಂಬರ್ ಏಲನ್ನೇ ಆರಿಸಿಕೊಂಡಿತೆಂದರೆ ಅದಕ್ಕೆ ಬೆಲೆಯಿದೆ.

ಸ್ಮರಣೆಯ ಏಲ್‌ಗಳಲ್ಲಿ ಇಟ್ಟು ಮಾಗಿಸುವವು, ತಾಜಾ ಇರುವಾಗಲೇ ಕುಡಿಯುವವು ಎಂದು ಎರಡು ಬಗೆಯಿವೆ ಎಂದು ನನಗೆ ತೋರುತ್ತದೆ, ನಮ್ಮಿಬ್ಬರ ಹಳೆಯ ವಾದವೂ ಇದೇ. ಇಂಗ್ಲೆಂಡಿನ ಎಲ್ಡ್ರಿಜ್ ಪೋಪ್ ಬ್ರೂವರಿ 1968ರಲ್ಲಿ, ಬರಹಗಾರ ಥಾಮಸ್ ಹಾರ್ಡಿ ತೀರಿಕೊಂಡು 40 ವರ್ಷವಾದ ನೆನಪಿಗೆ ಥಾಮಸ್ ಹಾರ್ಡಿಸ್ ಏಲ್ ತಯಾರಿಸಿತು. ಶೇಕಡಾ 12ರ ಸುಮಾರಿನ ಮದ್ಯಸಾರ, ಬಾಟಲಿಯೊಳಗೇ ಜೀವಂತ ಯೀಸ್ಟು. ವರ್ಷಗಟ್ಟಲೆ ಇಟ್ಟು ಮಾಗಿಸಿ ಕುಡಿಯಲೆಂದೇ ಕಟ್ಟಿದ ಪಾನೀಯ ಅದು. ಇನ್ನೊಂದು ಬಗೆಯದು ಸ್ಯಾನ್ ಫ್ರಾನ್ಸಿಸ್ಕೊದ ಆ್ಯಂಕರ್ ಬ್ರೂವರಿಯ ಲಿಬರ್ಟಿ ಏಲ್. ಬ್ರಿಟಿಷ್ ಸೇನೆ ಬರುತ್ತಿದೆ ಎಂದು ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರರನ್ನು ಎಚ್ಚರಿಸಲು ಪಾಲ್ ರಿವಿಯರ್ ಮಾಡಿದ ಕುದುರೆ ಸವಾರಿಗೆ 200 ವರ್ಷ ತುಂಬಿದ 1975ರಲ್ಲಿ ಅದನ್ನು ತಯಾರಿಸಿದರು. ಅದರಲ್ಲಿ ಬಳಸಿದ್ದು 1972ರಲ್ಲಿ ಬಿಡುಗಡೆಯಾಗಿ ಆಗಿನ್ನೂ ಹೊಸದಾಗಿದ್ದ ಕ್ಯಾಸ್ಕೇಡ್ ಹಾಪ್, ಅಂದರೆ ಈಗ ನಮ್ಮ ಬಾಟಲಿಯಲ್ಲಿರುವ ಅದೇ ಹಾಪ್. ಅದರ ಸೊಗಸೆಲ್ಲ ತಾಜಾತನದಲ್ಲಿತ್ತು. ನಮ್ಮ ಈ ಆಂಬರ್ ಏಲ್ ಎರಡನೆಯ ಕುಲಕ್ಕೆ ಸೇರಿದ್ದು. ಆದ್ದರಿಂದಲೇ, ಜೋಡಿ ಬಾಟಲಿಯಲ್ಲಿ ನೀನು ಉಳಿಸಿಕೊಂಡದ್ದನ್ನು ನೆನಪಿಗೆಂದು ಗಾಜಿನ ಕಪಾಟಿನಲ್ಲಿ ನಿಲ್ಲಿಸಿರುವುದಾಗಿ ನೀನು ಬರೆದದ್ದನ್ನು ಓದಿ ನನಗೆ ಸಂಕಟವಾಯಿತು.

ಬಾಟಲಿಯಲ್ಲಿ ಯೀಸ್ಟ್ ಇದೆ, ಅದು ಕಾಪಾಡುತ್ತದೆ ಎಂದು ನೀನು ಹೇಳಬಹುದು. ಮುಚ್ಚಳ ಹಾಕುವಾಗ ಒಳಗೆ ಉಳಿದ ಆಮ್ಲಜನಕದಲ್ಲಿ ಒಂದು ಪಾಲನ್ನು ಯೀಸ್ಟ್ ಹೀರಿಕೊಳ್ಳುತ್ತದೆ ಎಂಬುದು ನಿಜ. ಆದರೆ ಮುಚ್ಚಳದ ಅಂಚಿನಿಂದ ಗಾಳಿ ಅತ್ಯಲ್ಪ ಪ್ರಮಾಣದಲ್ಲಿ ಒಳಬರುತ್ತಲೇ ಇರುತ್ತದೆ, ಮಾಲ್ಟಿನೊಳಗಿನ ಬದಲಾವಣೆಗಳೂ ನಿಲ್ಲುವುದಿಲ್ಲ. ಹಾಪ್‌ನ ಕಂಪು ಮೊದಲು ಹೋಗುತ್ತದೆ. ಕಹಿ ಮೊಂಡಾಗುತ್ತದೆ. ಸಿಹಿ ಹಾಗೆಯೇ ಉಳಿದು, ಅದರ ಮೇಲೆ ಒದ್ದೆ ರಟ್ಟಿನ ವಾಸನೆ ಕೂರುತ್ತದೆ. ಟ್ರಾನ್ಸ್-2-ನೊನೆನಾಲ್ ಎಂಬ ವಸ್ತುವಿಗೆ ಸಲ್ಲುವ ಈ ವಾಸನೆಯನ್ನು ನಮ್ಮ ಮೂಗು ಲೀಟರಿಗೆ ಒಂದು ಮೈಕ್ರೋಗ್ರಾಮಿನ ಹತ್ತನೆಯ ಒಂದು ಭಾಗದಷ್ಟಿದ್ದರೂ ಗುರುತಿಸಬಲ್ಲದು. ಕಪಾಟಿನ ಬೆಚ್ಚನೆಯ ಜಾಗದಲ್ಲಿ ಇವೆಲ್ಲ ಫ್ರಿಜ್ಜಿನಲ್ಲಿರುವುದಕ್ಕಿಂತ ಬಹಳ ಬೇಗ ನಡೆಯುತ್ತವೆ. ಬೆಳಕಿನದು ಬೇರೆಯೇ ಕಾಟ: ಹಾಪ್‌ನ ಕಹಿ ಅಂಶಗಳ ಮೇಲೆ ಬೆಳಕು ಬಿದ್ದರೆ ದುರ್ನಾತದ ಗಂಧಕ ಸಂಯುಕ್ತವೊಂದು ಹುಟ್ಟುತ್ತದೆ, ಕಂದು ಗಾಜು ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಪೂರ್ತಿಯಾಗಿ ಅಲ್ಲ. ಶೇಕಡಾ 12ರ ಏಲ್‌ನಲ್ಲಿ ಕಾಲ ತರುವ ಬದಲಾವಣೆ ಶೆರಿ ವೈನಿನಂಥ, ಒಣಹಣ್ಣಿನಂಥ ರುಚಿಗಳಾಗಿ ಮಾಗಲು ಮೈಯಲ್ಲಿ ಬಲವಿರುತ್ತದೆ. ಶೇಕಡಾ 5.6ರ ಆಂಬರ್ ಏಲ್‌ಗೆ ಆ ಬಲವಿಲ್ಲ. ಅದು ಮಾಗುವುದಿಲ್ಲ, ಹಳತಾಗುತ್ತದೆ ಅಷ್ಟೆ.

ಆ ಕಹಿಯ ಹದಕ್ಕಾಗಿ ಯಾರೋ ಎಷ್ಟೋ ಕಾಲ ಕಷ್ಟಪಟ್ಟಿದ್ದಾರೆ. ಅದನ್ನು ಅನುಭವಿಸುವುದೇ ಅವರ ಆರಂಭವನ್ನು ನೆನೆಯುವ ರೀತಿ. ಮುಚ್ಚಿದ ಬಾಟಲಿ ಲೇಬಲ್ಲನ್ನಷ್ಟೇ ಕಾಪಾಡುತ್ತದೆ, ಲೇಬಲ್ಲು ಬೇಕಿದ್ದರೆ ಖಾಲಿ ಬಾಟಲಿಯ ಮೇಲೂ ಅದು ಅಷ್ಟೇ ಚೆಂದವಾಗಿರುತ್ತದೆ.

ಆದಕಾರಣ ನಿನ್ನದನ್ನು ಇಂದೇ ಕಪಾಟಿನಿಂದ ಇಳಿಸಿ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸು, ಗಷ್ಟು ತಳಕ್ಕೆ ಕೂರಲು ಒಂದು ರಾತ್ರಿ ಸಾಕು. ಸುರಿಯುವ ಮೊದಲು ಹೊರಗಿಟ್ಟು ಚಳಿ ಬಿಡಿಸು. ಗ್ಲಾಸಿನಲ್ಲಿ ಸೋಪಿನ ಅಂಶ ಉಳಿದಿರದಂತೆ ನೋಡಿಕೋ, ಇಲ್ಲದಿದ್ದರೆ ಆ ನೊರೆಯನ್ನು ಕಾಣುವ ಸುಖ ತಪ್ಪುತ್ತದೆ. ಕುಡಿದ ಮೇಲೆ ಮುಖ್ಯವಾಗಿ ಒಂದು ವಿಷಯವನ್ನು ನನಗೆ ತಿಳಿಸು: ಅರ್ಧ ಗ್ಲಾಸಿನ ನಂತರ ನನಗೆ ಅತಿಯೆನಿಸಿದ ಆ ಸಿಹಿ ನಿನಗೂ ಹಾಗೆಯೇ ತೋರುತ್ತದೆಯೇ, ಅಥವಾ ಕಹಿ ಅದನ್ನು ಕೊನೆಯವರೆಗೂ ಹಿಡಿದಿಡುತ್ತದೆಯೇ? ಸಿಹಿಯನ್ನು ಗುರುತಿಸುವುದರಲ್ಲಿ ನಿನ್ನ ನಾಲಿಗೆ ನನ್ನದಕ್ಕಿಂತ ಚುರುಕು. ನಿನ್ನ ಅಭಿಪ್ರಾಯ ಬಂದ ಮೇಲೆ ಬ್ರೂವರಿಯವರಿಗೆ ಇಬ್ಬರೂ ಸೇರಿ ಒಂದು ಪತ್ರ ಬರೆಯೋಣ.

ಇಂತಿ ನಿನ್ನ ಗೆಳೆಯ