ಅಕಾರ್ಡ್: ಎದೆಯೋ, ತಂತಿಯೋ?

ಪ್ರೀತಿಯ ಗೆಳೆಯಾ,

ಹೊಂದು, ಒಪ್ಪು, ನೀಡು ಎಂಬರ್ಥದ ಇಂಗ್ಲಿಷಿನ 'ಅಕಾರ್ಡ್' (accord) ಕ್ರಿಯಾಪದದೊಳಗೆ ವಾದ್ಯದ ತಂತಿ ಅಡಗಿರಬೇಕು ಅಂತ ಬರೆದಿದ್ದೆಯಲ್ಲ, ಆ ಊಹೆ ಸಹಜವೇ. ಸ್ವರ ಕೂಡಿದರೂ ಮನಸ್ಸು ಕೂಡಿದರೂ ಇಂಗ್ಲಿಷರು ಅದನ್ನೇ ಬಳಸಿದ್ದಾರೆ. ಆದರೆ ಅದರ ಬೇರು ಇರುವುದು ಎದೆಯಲ್ಲಿ.

ಲ್ಯಾಟಿನ್‌ನಲ್ಲಿ 'ಕೊರ್' ಅಂದರೆ ಹೃದಯ, 'ಕೊರ್ದಿಸ್' ಅಂದರೆ ಹೃದಯದ. ಅದಕ್ಕೆ 'ಕಡೆಗೆ' ಎಂಬರ್ಥದ 'ಅದ್' ಸೇರಿ ಆಡುಮಾತಿನ ಲ್ಯಾಟಿನ್‌ನಲ್ಲಿ 'ಅಕ್ಕೊರ್ದಾರೆ' ಆಯಿತು. ಅಲ್ಲಿಂದ ಹಳೆಯ ಫ್ರೆಂಚಿಗೆ, 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಗ್ಲಿಷಿಗೆ. ಮುನಿಸಿಕೊಂಡವರನ್ನು ರಾಜಿ ಮಾಡಿಸುವುದು ಅದರ ಹಳೆಯ ಅರ್ಥಗಳಲ್ಲೊಂದು. ಇಬ್ಬರ ಎದೆಯನ್ನೂ ಹತ್ತಿರ ತರದೆ ಆಗುವ ಕೆಲಸವೇ ಅದು? ನನಗೆ ಇಂದಿಗೂ ಅದರ ಅತಿ ಚೆಂದದ ಅರ್ಥ ಇದೇ. ಕಾನ್ಕಾರ್ಡ್ (ಒಮ್ಮತ), ಡಿಸ್ಕಾರ್ಡ್ (ಒಡಕು) ಇದೇ ಬಳ್ಳಿಯವು. ನಮ್ಮ 'ಹೃದಯ' ಎಂಬ ಪದ 'ಕೊರ್'ಗೆ ದೂರದ ನೆಂಟ. 'ಶ್ರದ್ಧೆ'ಯ 'ಶ್ರತ್' ಕೂಡ ಅದೇ ಮನೆಯದು ಎನ್ನುತ್ತಾರೆ ಭಾಷಾವಿಜ್ಞಾನಿಗಳು.

ತಂತಿ ಬಂದದ್ದು ಆಮೇಲೆ, ಹಿತ್ತಿಲ ಬಾಗಿಲಿಂದ. ಒಟ್ಟಿಗೆ ನುಡಿಯುವ ಸ್ವರಗಳಿಗೆ ಇಂಗ್ಲಿಷರು ಅಕಾರ್ಡನ್ನೇ ಮೊಟಕುಗೊಳಿಸಿ 'ಕಾರ್ಡ್' ಅನ್ನುತ್ತಿದ್ದರು. ಗ್ರೀಕಿನ 'ಖೊರ್ದೆ'ಯ ಪ್ರಭಾವದಿಂದ ಅದರ ಕಾಗುಣಿತಕ್ಕೆ 'ಹೆಚ್' ಅಂಟಿಕೊಂಡು cord ಹೋಗಿ chord ಆಯಿತು. ಖೊರ್ದೆ ಅಂದರೆ ಕರುಳು. ಕರುಳಿನಿಂದ ಹೊಸೆದ ತಂತಿಗೂ ಅದೇ ಹೆಸರು. ಹೀಗೆ ಎದೆಯಿಂದ ಹುಟ್ಟಿದ ಪದ ಕರುಳಿನ ಬರವಣಿಗೆ ತೊಟ್ಟಿತು.

ಸಂಗೀತದ ನಂಟೇನೂ ಸುಳ್ಳಲ್ಲ. ಫ್ರೆಂಚರು ಪಿಯಾನೋ ಶ್ರುತಿ ಮಾಡುವುದಕ್ಕೆ ಇಂದಿಗೂ 'ಅಕೋರ್ದೆ' ಅನ್ನುತ್ತಾರೆ. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಪೇಟೆಂಟ್ ಪಡೆದ ಪುಟ್ಟ ತಿದಿವಾದ್ಯದಲ್ಲಿ ಒಂದು ಕೀಲಿ ಒತ್ತಿದರೆ ಇಡೀ ಸ್ವರಗುಚ್ಛವೇ ಹೊಮ್ಮುತ್ತಿತ್ತು. ಅಕಾರ್ಡಿಯನ್ ಎಂಬ ಹೆಸರು ಬಂದದ್ದು ಅದರಿಂದಲೇ.

ಇನ್ನು ನಿನ್ನ ಅನುವಾದದ ತೊಡಕು. ಗೌರವ, ಸ್ವಾಗತಗಳ ಜೊತೆ ಇದೇ ಕ್ರಿಯಾಪದ ಯಾಕೆ ಬರುತ್ತದೆ ಅಂತ ಕೇಳಿದ್ದೆ. ಒಪ್ಪುವುದು, ಕೇಳಿದ್ದಕ್ಕೆ ಒಪ್ಪಿಗೆ ಕೊಡುವುದು, ಕೊನೆಗೆ ಕೊಡುವುದೇ: ಅರ್ಥ ಹೀಗೆ ಜಾರಿದೆ. ಹಾಗಾಗಿ ಅಲ್ಲೆಲ್ಲ 'ನೀಡು' ಅಥವಾ 'ಸಲ್ಲಿಸು' ಅಂತಲೇ ಬರೆ. ಬೆನ್ನಿಗೆ 'ವಿತ್' ಬಂದರೆ ಮಾತ್ರ 'ಹೊಂದು'. ಲೆಕ್ಕವೋ ಸಾಕ್ಷಿಯೋ ಆದರೆ 'ತಾಳೆಯಾಗು' ಇನ್ನೂ ಚೆನ್ನ. ಆ ಎರಡನೇ ಅಧ್ಯಾಯ ತಿದ್ದಿದ ಮೇಲೆ ಕಳಿಸು, ಓದುತ್ತೇನೆ.

ನಿನ್ನ ಗೆಳೆಯ