ಮೊದಲು ಅವರನ್ನು ಕೇಳು

ಚಿ. ಶ್ರುತಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಯೋಜನೆ ಓದಿದೆ. ವಿದ್ಯಾರ್ಥಿಗಳು ಒಂದೇ ಹಾಸ್ಟೆಲ್‌ನಲ್ಲಿದ್ದು, ಓದಿನ ಭಾಗವಾಗಿಯೇ ಸೇವೆ ಮಾಡಬೇಕು ಅನ್ನೋದು ನನಗೆ ತುಂಬಾ ಹಿಡಿಸಿತು. 1884ರಲ್ಲಿ ಲಂಡನ್ನಿನ ಬಡವರ ಕೇರಿಯಲ್ಲಿ ಟಾಯ್ನ್‌ಬೀ ಹಾಲ್ ಅನ್ನೋ ಸೇವಾಕೇಂದ್ರ ಶುರುವಾದಾಗ, ಆಕ್ಸ್‌ಫರ್ಡ್, ಕೇಂಬ್ರಿಜ್‌ನಲ್ಲಿ ಓದಿದವರು ಅಲ್ಲೇ ಬಂದು ವಾಸ ಮಾಡಿದರು. ಅದನ್ನು ನೋಡಿಬಂದ ಅಮೆರಿಕದ ಸಮಾಜ ಸೇವಕಿ ಜೇನ್ ಆಡಮ್ಸ್ 1889ರಲ್ಲಿ ಗೆಳತಿಯ ಜೊತೆ ಶಿಕಾಗೋದಲ್ಲಿ ಹಲ್ ಹೌಸ್ ಅನ್ನೋ ಅಂಥದೇ ಕೇಂದ್ರ ತೆರೆದರು. 1935ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಮನೆಯಾಗಿತ್ತು.

ನಿನ್ನ ವಿದ್ಯಾರ್ಥಿಗಳು ಹಾಗಲ್ಲ, ವರ್ಷ ಕಳೆದರೆ ಹೊರಡುವವರು. ನನ್ನ ಚಿಂತೆ ಅದೇ.

ಗಣಿತ ಹೇಳಿಸಿಕೊಳ್ಳುವ ಒಂದು ಮಗುವನ್ನು ನೆನೆಸಿಕೋ. ಅಕ್ಕ ಬಂದು ಭಾಗಾಕಾರದವರೆಗೆ ಕಲಿಸಿದಳು. ಅಷ್ಟರಲ್ಲಿ ಅಕ್ಕನಿಗೆ ಪರೀಕ್ಷೆ, ಆಮೇಲೆ ರಜೆ. ರಜೆ ಮುಗಿದ ಮೇಲೆ ಬೇರೊಬ್ಬಳು ಬಂದು ಮತ್ತೆ ಕೂಡೋದು, ಕಳೆಯೋದರಿಂದ ಶುರು ಮಾಡುತ್ತಾಳೆ. ಮಗು ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡೀತು? ಅಕ್ಕಂದಿರು ಮಾತ್ರ ಒಳ್ಳೆಯ ವರದಿ ಬರೆದಿರುತ್ತಾರೆ.

ಅದಕ್ಕೇ ಕೆಲವರಾದರೂ ಎರಡನೇ ವರ್ಷವೂ ಅಲ್ಲೇ ಉಳಿಯುವ ಹಾಗೆ ಮಾಡು. ಮೊದಲ ತಿಂಗಳು ಹೊಸಬರನ್ನು ಅವರೇ ಕರೆದುಕೊಂಡು ಹೋಗಲಿ. ಪ್ರತಿ ಮಗುವಿಗೂ ಒಂದು ನೋಟ್‌ಬುಕ್ ಇರಲಿ: ಪಾಠ ಎಲ್ಲಿ ನಿಂತಿದೆ, ಯಾವ ಲೆಕ್ಕ ಕಂಡರೆ ಭಯ. ಪರೀಕ್ಷೆಯ ವಾರ ಯಾರು ಹೋಗಬೇಕು ಅನ್ನೋದು ವರ್ಷದ ಮೊದಲೇ ತೀರ್ಮಾನವಾಗಲಿ. ಹತ್ತು ವಾರ ಮಾತ್ರ ಕೈಲಾಗುತ್ತೆ ಅಂದ್ರೆ, ಹತ್ತು ವಾರದಲ್ಲಿ ಮುಗಿಯುವ ಕೆಲಸವನ್ನೇ ಒಪ್ಪಿಕೊಳ್ಳಿ.

ಯಾವ ಕೆಲಸ ಅನ್ನೋದನ್ನು ನೀವೇ ಕೂತು ಗೊತ್ತುಮಾಡಬೇಡಿ. ಸೇವೆ ಪಡೆಯುವವರ ಕೈಯಲ್ಲೇ ಅದರ ಹಿಡಿತ ಇರಬೇಕು ಅಂತ, ಸೇವೆಯ ಮೂಲಕ ಕಲಿಯೋದರ ಬಗ್ಗೆ ಬರೆದ ಅಮೆರಿಕದ ರಾಬರ್ಟ್ ಸಿಗ್ಮನ್ 1979ರಲ್ಲೇ ಹೇಳಿದ್ದರು. ನಿನ್ನ ಸಮಿತಿಯಲ್ಲಿ ಆ ಕಡೆಯವರೂ ಇರಲಿ. ಸುಮ್ನೆ ಕುರ್ಚಿ ಕೊಟ್ಟರೆ ಸಾಲದು, ಅವರು ಬೇಡ ಅಂದರೆ ಆ ಕೆಲಸ ನಿಲ್ಲಬೇಕು.

ಒಂದೇ ಕಡೆ ಇರೋದರ ನಿಜವಾದ ಲಾಭ ರಾತ್ರಿ ಊಟವಾದ ಮೇಲಿನ ಮಾತು, ಅಲ್ವಾ? ವಾರಕ್ಕೊಂದು ಸಂಜೆ ಅದಕ್ಕೇ ಮೀಸಲಿಡು. ಅವತ್ತು ಯಾರೂ ಯಾರನ್ನೂ ಹೊಗಳೋದು ಬೇಡ. ಏನು ಅರ್ಥವಾಗಲಿಲ್ಲ, ಈ ಕಷ್ಟ ಇವರಿಗೇ ಯಾಕೆ ಬಂತು, ತರಗತಿಯಲ್ಲಿ ಓದಿದ್ದು ಇಲ್ಲಿ ಎಲ್ಲಿ ತಾಳೆಯಾಗಲಿಲ್ಲ ಅಂತ ಮಾತಾಡಲಿ. ಅಂಕ ಕೊಡೋದಾದರೆ ಈ ಕಲಿಕೆಗೆ ಕೊಡು, ದುಡಿದ ಗಂಟೆಗಳಿಗಲ್ಲ.

ಮುಂದಿನ ಪತ್ರದಲ್ಲಿ ಆ ಕಡೆಯವರಲ್ಲಿ ಯಾರನ್ನು ಮಾತಾಡಿಸಿದೆ, ಅವರು ಏನಂದರು ಅಂತ ಬರೆ. ರೂಮುಗಳ ನಕ್ಷೆ ಆಮೇಲೆ ನೋಡೋಣ.

ಪ್ರೀತಿಯಿಂದ,
ದೊಡ್ಡಮ್ಮ