‘ಅ’ ಅಂಟಿಸಿದ ಗೋಡೆಯ ಪಕ್ಕ ನಿಂತವರಿಗೆ ಧನ್ಯವಾದ

ತಲೆಗೆ ಪೆಟ್ಟು ಬಿದ್ದ ಮೇಲೆ ಉಳಿದುಕೊಂಡ ತಲೆಸುತ್ತನ್ನು ಮನೆಯಲ್ಲೇ ಕಣ್ಣಿನ ವ್ಯಾಯಾಮ ಮಾಡಿ ಹತೋಟಿಗೆ ತಂದು, ಶಾಲೆಗೆ, ಕೆಲಸಕ್ಕೆ ಮರಳಿದ ಎಲ್ಲರಿಗೂ ನಮ್ಮ ಫಿಸಿಯೋಥೆರಪಿ ತಂಡದ ವಂದನೆಗಳು. ಒಂದು ಕೈ ಹೆಚ್ಚಿನ ವಂದನೆ ಅವರ ಮನೆಯವರಿಗೆ. ನಾವು ಹೇಳಿಕೊಟ್ಟೆವು ಅಷ್ಟೆ. ದಿನಕ್ಕೆ ಮೂರು ಹೊತ್ತು ಮಾಡಿಸಿದವರು ನೀವು.

ಮುಖ್ಯ ವ್ಯಾಯಾಮ ನೋಡಲು ಮಕ್ಕಳಾಟ. ಬಿಳಿ ಕಾಗದದಲ್ಲಿ ಸಣ್ಣದಾಗಿ ‘ಅ’ ಬರೆದು ಗೋಡೆಗೆ ಅಂಟಿಸಿ, ಒಂದು ತೋಳಿನಷ್ಟು ದೂರದಲ್ಲಿ ಕುರ್ಚಿ ಹಾಕಿ ಕೂರಬೇಕು. ಅಕ್ಷರ ಕಣ್ಣಿನ ಮಟ್ಟಕ್ಕಿರಲಿ. ನೋಟ ಅದರ ಮೇಲೇ ನೆಟ್ಟು, ತಲೆಯನ್ನು ಮಾತ್ರ ಎಡಕ್ಕೂ ಬಲಕ್ಕೂ 20–30 ಡಿಗ್ರಿಯಷ್ಟು, 30 ಸೆಕೆಂಡ್ ತಿರುಗಿಸಬೇಕು. ಸುಧಾರಿಸಿಕೊಂಡು, ಅಷ್ಟೇ ಹೊತ್ತು ಮೇಲಕ್ಕೆ, ಕೆಳಕ್ಕೆ. ಕ್ರಮೇಣ 1 ನಿಮಿಷ, ಆಮೇಲೆ 2. ತಲೆ ತಿರುಗಿದಷ್ಟೇ ವೇಗದಲ್ಲಿ ಕಣ್ಣು ಎದುರು ದಿಕ್ಕಿಗೆ ಸರಿದರೆ ನೋಟ ಸ್ಥಿರವಾಗಿರುತ್ತದೆ. ಒಳಕಿವಿ, ಮಿದುಳು ಸೇರಿ ಮಾಡುವ ಈ ಕೆಲಸ ಪೆಟ್ಟಿನಿಂದ ಹದ ತಪ್ಪಿರುತ್ತದೆ. ಅಕ್ಷರ ಮಸುಕಾಗುವ ಅಂಚಿನ ವೇಗದಲ್ಲಿ ಮಾಡಿದರೇ ಮಿದುಳು ತಿದ್ದಿಕೊಳ್ಳುವುದು. ತೀರಾ ನಿಧಾನವಾದರೆ ತಿದ್ದಲು ಏನೂ ಉಳಿಯದು, ಅಂಚು ದಾಟಿದರೆ ಬರೀ ವಾಕರಿಕೆ.

ಮಾಡುವವರಿಗೆ ತಮ್ಮ ತಪ್ಪು ಕಾಣುವುದಿಲ್ಲ. ತಲೆಯ ಬದಲು ಸೊಂಟ ತಿರುಗುತ್ತದೆ, ವೇಗ ತಾನಾಗಿ ಇಳಿಯುತ್ತದೆ, ಕಣ್ಣು ಅಕ್ಷರ ಬಿಟ್ಟು ತಲೆಯ ಜೊತೆ ಹೋಗುತ್ತದೆ. ಭುಜ ಹಿಡಿದು ಕೂತವರಿಗೆ, ತಾಳ ತಪ್ಪದಂತೆ ಚಪ್ಪಾಳೆ ತಟ್ಟಿದ ಮಕ್ಕಳಿಗೆ ಅದಕ್ಕೇ ಈ ಧನ್ಯವಾದ.

ಸುತ್ತು ಬಂದ ಕೂಡಲೇ ‘ಸಾಕು, ಮಲಗು’ ಎನ್ನದೆ ತಡೆದುಕೊಂಡ ಅಮ್ಮಂದಿರಿಗಂತೂ ಎಷ್ಟು ಹೇಳಿದರೂ ಕಡಿಮೆ. ಸ್ವಲ್ಪ ಸುತ್ತು ಬರಲೇಬೇಕು. ವ್ಯಾಯಾಮಕ್ಕೆ ಮೊದಲು, ಆಮೇಲೆ ಸುತ್ತು ಎಷ್ಟಿದೆ ಎಂದು 0–10ರಲ್ಲಿ ಅಂಕ ಹಾಕಿ ನೋಟ್‌ಬುಕ್‌ನಲ್ಲಿ ಬರೆದಿರಿ. 2 ಅಂಕದಷ್ಟು ಏರಿ, 15–20 ನಿಮಿಷದಲ್ಲಿ ಇಳಿದರೆ ಸರಿ. ಇಳಿಯದಿದ್ದರೆ ಮುಂದಿನ ಸಲ ಅವಧಿ ಅರ್ಧ ಮಾಡಿ, ಬಿಡಬೇಡಿ.

ನಿಂತು ಮಾಡುವ ಹಂತದಲ್ಲಿ ಗೋಡೆಯ ಮೂಲೆಗೆ ನಿಲ್ಲಿಸಿ ಮುಂದೆ ಕುರ್ಚಿ ಇಟ್ಟದ್ದು ಜಾಣತನ. ಅಕ್ಷರವನ್ನು ಬಿಳಿ ಗೋಡೆಯಿಂದ ಹೂವಿನ ಪರದೆಗೆ ಬದಲಿಸಿದ ದಿನ ವೇಗ ಹೆಚ್ಚಿಸಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ. ಕುತ್ತಿಗೆ ನೋವಿದ್ದವರು ಮೊದಲೇ ಹೇಳಿದ್ದರಿಂದ ತಿರುಗುವ ಅಳತೆ ತಗ್ಗಿಸಲಾಯಿತು.

‘ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಗಿರ್ರೆನ್ನುತ್ತದೆ’ ಎಂದು ಸರಿಯಾಗಿ ಹೇಳಿದವರಿಗೂ ಋಣಿ. ಅದು ಒಳಕಿವಿಯ ಹರಳು ಜಾಗ ತಪ್ಪಿದ ಲಕ್ಷಣ. ಕಣ್ಣಿನ ವ್ಯಾಯಾಮಕ್ಕೆ ಬಗ್ಗದು, ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಸ್ವಸ್ಥಾನಕ್ಕೆ ಕಳಿಸಬೇಕು. ಹೆಚ್ಚುತ್ತಲೇ ಹೋಗುವ ತಲೆನೋವು, ಪದೇ ಪದೇ ವಾಂತಿ, ಮಂಪರು, ತೊದಲು ಕಂಡೊಡನೆ ಕಾಯದೆ ಆಸ್ಪತ್ರೆಗೆ ಕರೆತಂದವರಿಗೂ ಸಹ.

ಕೊನೆಗೆ, ಬೈಕಿನ ಕೀಲಿ ಬಚ್ಚಿಟ್ಟವರಿಗೆ. ಬೈದವರೂ ಈಗ ಒಪ್ಪಿದ್ದಾರೆ. ಸರಕ್ಕನೆ ಹಿಂದಿರುಗಿ ನೋಡಿದಾಗ ಸುತ್ತು ಬರುತ್ತಿದೆಯೇ ಎಂದು ಮುಂದಿನ ತಪಾಸಣೆಯಲ್ಲಿ ಪರೀಕ್ಷಿಸುತ್ತೇವೆ, ಕೀಲಿ ಯಾವಾಗ ಕೊಡಬಹುದೆಂದು ವೈದ್ಯರು ಹೇಳುತ್ತಾರೆ. ನೋಟ್‌ಬುಕ್ ಮರೆಯದೆ ತನ್ನಿ.